ಜೋಗಪ್ಪ ಅಂದರೆ ಹಿಜಡಾ ಅಲ್ಲ

ನಿಮ್ಮ ಲೇಖನದಲ್ಲಿ ‘ಜೋಗಪ್ಪ ಎಂದರೆ ಹಿಜಡಾಗಳಿಗೆ ನಮ್ಮ ಕಡೆಯ ಹೆಸರು’ ಎಂದಿದ್ದೀರಿ. ಇದು ತಪ್ಪು. ಜೋಗಪ್ಪ ಅಂದರೆ ಗಂಡಾಗಿ ಹುಟ್ಟಿ, ಎಲ್ಲಮ್ಮನಂಥ ದೇವಿಗೆ ಮುಡಿಪಾಗಿ, ಹೆಣ್ಣಿನ ಉಡುಗೆ ಉಡುವವರು. ಹಿಜಡಾ ಸಮುದಾಯ ನಿಂತಿರುವುದು ಗುರು-ಚೇಲಾ ಸಂಬಂಧದ ಮೇಲೆ. ಮನೆ ಬಿಟ್ಟು ಗುರುವಿನ ಹಮಾಮ್ (ಹಿಜಡಾಗಳು ಒಟ್ಟಿಗೆ ಬಾಳುವ ಮನೆ) ಸೇರುತ್ತಾರೆ, ಹಲವರು ನಿರ್ವಾಣ (ಅಂಗಛೇದ) ಮಾಡಿಸಿಕೊಳ್ಳುತ್ತಾರೆ. ಜೋಗಪ್ಪನಾಗಲು ಬೇಕಾದದ್ದು ಕತ್ತಿಯಲ್ಲ, ಮುತ್ತು, ಅಂದರೆ ದೇವಿಯ ಹೆಸರಲ್ಲಿ ಕಟ್ಟುವ ಮಣಿಸರ. ದೇವಿ ಮೈಮೇಲೆ ಬಂದಳು ಎಂದು ಕಂಡಾಗ ಕೊಪ್ಪಳದ ಹುಲಿಗಿಯಲ್ಲೋ ಸವದತ್ತಿಯಲ್ಲೋ ಈ ಕೆಂಪು-ಬಿಳಿ ಮಣಿಸರ ಕಟ್ಟಿಸುತ್ತಾರೆ. ಆಮೇಲೆ ಸೀರೆ, ಪಡಲಿಗೆ (ದೇವಿಯ ಬುಟ್ಟಿ), ಚೌಡಿಕೆ (ತಂತಿವಾದ್ಯ). ಎಷ್ಟೋ ಮಂದಿ ಹುಟ್ಟಿದ ಮನೆಯಲ್ಲೇ ಇರುತ್ತಾರೆ.

ಈ ವ್ಯತ್ಯಾಸ ಮರೆತರೆ ಎಣಿಕೆಯೇ ಕೆಡುತ್ತದೆ. 2011ರ ಜನಗಣತಿಯಲ್ಲಿ ‘ಇತರೆ’ ಕಾಲಂನಲ್ಲಿ ದೇಶದಲ್ಲಿ ಸುಮಾರು 4.88 ಲಕ್ಷ ಮಂದಿ ಸಿಕ್ಕರು. ಗಣತಿದಾರ ಬಾಗಿಲಲ್ಲಿ ನಿಂತು, ಅಣ್ಣ-ಅತ್ತಿಗೆಯ ಎದುರೇ ‘ಗಂಡೋ ಹೆಣ್ಣೋ?’ ಎಂದು ಕೇಳಿದರೆ ಜೋಗಪ್ಪ ರೇಷನ್ ಕಾರ್ಡಿನಲ್ಲಿ ಇದ್ದದ್ದನ್ನೇ ಹೇಳಿಬಿಡಬಹುದು. ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳು, ಜೋಗಪ್ಪ ಒಬ್ಬರೇ ಇದ್ದಾಗ, ನಾಲ್ಕು ಪ್ರಶ್ನೆ ಬೇರೆ ಬೇರೆಯಾಗಿ ಕೇಳಬೇಕು: ಮುತ್ತು ಎಲ್ಲಿ ಕಟ್ಟಿದರು, ದಿನಾ ಉಡುಪು ಯಾವುದು, ಯಾರ ಜೊತೆ ವಾಸ, ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಾರೆ. ಸಂಗಾತಿಯ ವಿಷಯ ಕೊನೆಗೆ, ಅದೂ ಅವರೇ ಎತ್ತಿದರೆ. ಲಿಂಗತ್ವ ಒಂದು, ಲೈಂಗಿಕ ಒಲವು ಇನ್ನೊಂದು. ಒಂದರಿಂದ ಇನ್ನೊಂದನ್ನು ಊಹಿಸಿ ಬರೆದುಕೊಳ್ಳಬೇಡಿ.

ಇಂಡೋನೇಷ್ಯಾದ ಬುಗಿಸ್ ಜನರಲ್ಲಿ ಐದು ಲಿಂಗತ್ವಗಳಿವೆ, ಅದರಲ್ಲಿ ‘ಬಿಸ್ಸು’ ಪೂಜಾರಿಗಳು. ಹೋಲಿಸುವುದಿದ್ದರೆ ಜೋಗಪ್ಪನಿಗೆ ಹಿಜಡಾಗಿಂತ ಇವರೇ ಹತ್ತಿರ. ಆದರೂ ಜೋಗಪ್ಪ, ಬಿಸ್ಸು ಇಬ್ಬರನ್ನೂ ‘ತೃತೀಯ ಲಿಂಗಿ’ ಎಂಬ ಒಂದೇ ಚೀಲಕ್ಕೆ ತುಂಬುವುದು ಬೇಡ.