ಗೆಳತಿ ಕೈ ಕೊಟ್ಟಳು, ಮಾತು ಬಿಟ್ಟೆ

ನನ್ನ ತಂಗಿಯ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಕನ್ನಡ ಮಾಧ್ಯಮ. ಮೊನ್ನೆ ಭಾನುವಾರ ಅವಳ ಇಂಗ್ಲಿಷ್ ನೋಟ್‌ಬುಕ್ ತೆಗೆದು ನೋಡಿದೆ. ಪುಟದ ನಡುವೆ ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆದಿದ್ದಾಳೆ. ಎಡಗಡೆ ಇಡಿಯಮ್, ಬಲಗಡೆ ಅರ್ಥ. ಎಲ್ಲ ಗೈಡ್ ನೋಡಿ ಇಳಿಸಿಕೊಂಡಿದ್ದು. ಪ್ರತಿ ಪದದ ತಲೆಯ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಕನ್ನಡ ಅಕ್ಷರದಲ್ಲಿ ಉಚ್ಚಾರ.

"ಗಿವ್ ಎ ಹ್ಯಾಂಡ್ ಅಂದ್ರೇನು?" ಅಂತ ಕೇಳಿದೆ. "ಟು ಹೆಲ್ಪ್" ಅಂತ ತಟ್ಟನೆ ಹೇಳಿದಳು. "ಸರಿ, ಒಂದು ವಾಕ್ಯ ಬರಿ" ಅಂದೆ. ಸುಮಾರು ಹೊತ್ತು ಪೆನ್ನು ಕಚ್ಚುತ್ತಾ ಕೂತಳು. ಆಮೇಲೆ ಬರೆದಳು: 'ಮೈ ಫ್ರೆಂಡ್ ಗೇವ್ ಮಿ ಹ್ಯಾಂಡ್, ಸೋ ಐ ಆಮ್ ನಾಟ್ ಟಾಕಿಂಗ್ ಟು ಹರ್.'

ಗೆಳತಿ ಕೈ ಕೊಟ್ಟಳು, ಅದಕ್ಕೆ ಮಾತು ಬಿಟ್ಟೆ!

ಆ ವಾಕ್ಯ ಓದಿ ನನಗೆ ಹೊಟ್ಟೆಯೊಳಗೆ ಏನೋ ಆಯಿತು. ಈ ಹುಡುಗಿಗೆ ನುಡಿಗಟ್ಟು ಬರುತ್ತದೆ. ಎಲ್ಲಿ ಬಳಸಬೇಕು ಅನ್ನುವುದೂ ಗೊತ್ತು. ಕೈ ಕೊಡುವುದು ಅಂದರೆ ಕೈ ಕೊಡುವುದಲ್ಲ, ಮೋಸ ಅಂತ ಅವಳಿಗೆ ಯಾರೂ ಪಾಠ ಮಾಡಿಲ್ಲ, ತಾನಾಗೇ ಬಂದಿದೆ. ಆದರೆ ಬಾಯಿಪಾಠ ಮಾಡಿದ 'ಟು ಹೆಲ್ಪ್' ನಾಲಿಗೆ ಮೇಲೆ ಕೂತಿದೆ, ಕನ್ನಡದ 'ಕೈ ಕೊಟ್ಟಳು' ತಲೆಯಲ್ಲಿ ಕೂತಿದೆ. ಎರಡಕ್ಕೂ ಪರಿಚಯ ಮಾಡಿಸಿದವರು ಯಾರೂ ಇಲ್ಲ.

ನಾವು ಓದುವಾಗ ಐದನೇ ಕ್ಲಾಸಿಗೆ ಎಬಿಸಿಡಿ ಶುರುವಾಗುತ್ತಿತ್ತು. ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಅಂದರೆ ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಇಡೀ ಹತ್ತು ವರ್ಷ. ಇಷ್ಟಾದ ಮೇಲೂ ನಮ್ಮ ಮಕ್ಕಳು ಕೊನೆಯ ಮೂರು ತಿಂಗಳು ಕ್ವಶ್ಚನ್ ಬ್ಯಾಂಕ್, ಪಾಸಿಂಗ್ ಪ್ಯಾಕೇಜ್ ಹಿಡಿದು ಉರು ಹೊಡೆಯುತ್ತಾ ಕೂರುತ್ತಾರೆ. ಮೇಷ್ಟ್ರುಗಳನ್ನು ದೂರುತ್ತಿಲ್ಲ. ರಿಸಲ್ಟ್ ಕಡಿಮೆ ಬಂದರೆ ಮೊದಲು ಬೈಸಿಕೊಳ್ಳುವವರು ಅವರೇ.

ಪ್ರಶ್ನೆ ಪತ್ರಿಕೆ ಅಷ್ಟೇನೂ ಕೆಟ್ಟದ್ದಲ್ಲ. ದ್ವಿತೀಯ ಭಾಷೆ ಇಂಗ್ಲಿಷಿಗೆ ಬರವಣಿಗೆ 80 ಅಂಕ, ಆಂತರಿಕ 20. ಎಡಗಡೆಯ ಪದಕ್ಕೆ ಬಲಗಡೆಯಿಂದ ಜೊತೆಗೆ ಬರುವ ಪದ ಆರಿಸು ಅಂತ ಕೇಳುತ್ತಾರೆ. ಒಂದೇ ಥರ ಕೇಳಿಸುವ ಎರಡು ಪದದಲ್ಲಿ ಸರಿಯಾದದ್ದನ್ನು ಹಾಕು ಅಂತಾರೆ. ಇವೆಲ್ಲ ಭಾಷೆ ಗೊತ್ತಿದೆಯಾ ಅಂತ ನೋಡುವ ಪ್ರಶ್ನೆಗಳೇ. ಆದರೆ ಅದಕ್ಕೂ ನಾವು ಪಟ್ಟಿ ಮಾಡಿ ಕೊಟ್ಟುಬಿಟ್ಟಿದ್ದೇವೆ. ಪೆನ್ಸಿಲ್ ಉಚ್ಚಾರದ ಗತಿ ನೋಡಿ. ಸೂರ್ಯನ ಮೇಲೂ 'ಸನ್' ಅಂತ ಬರೆದಿದ್ದಾಳೆ, ಮಗನ ಮೇಲೂ 'ಸನ್'. ಪೆನ್ಸಿಲ್ ಓದಿಕೊಂಡು ಹೋದವಳಿಗೆ ಕೆಳಗಿನ ಸ್ಪೆಲಿಂಗ್ ಬೇರೆ ಬೇರೆ ಅಂತ ಪರೀಕ್ಷೆಯಲ್ಲಿ ಹೇಗೆ ನೆನಪಾಗಬೇಕು?

ಜೋಡಿ ಪದದ ವಿಷಯ ಇನ್ನೂ ಚೆನ್ನಾಗಿದೆ. ಅವಳು 'ಐ ಡಿಡ್ ಎ ಮಿಸ್ಟೇಕ್' ಅಂತ ಬರೆಯುತ್ತಾಳೆ. ತಪ್ಪು ಅಂತ ಗೀಟು ಹಾಕಿ 'ಮೇಡ್' ಅಂತ ತಿದ್ದಿದ್ದಾರೆ. ಯಾಕೆ ಅಂತ ಹೇಳಿಲ್ಲ. ಕನ್ನಡದಲ್ಲಿ ತಪ್ಪೂ ಮಾಡುತ್ತೇವೆ, ಹೋಮ್‌ವರ್ಕೂ ಮಾಡುತ್ತೇವೆ. ಇಂಗ್ಲಿಷ್‌ನವರು ಅದಕ್ಕೆ ಎರಡು ಪದ ಇಟ್ಟುಕೊಂಡಿದ್ದಾರೆ. ಇದನ್ನು ಹೇಳಿದೆ. "ಅದ್ಯಾಕೆ ಹಂಗೆ?" ಅಂದಳು. "ನೀನು ಬಟ್ಟೆ ಏನು ಮಾಡ್ತೀಯ?" "ಒಗೀತೀನಿ." "ಪಾತ್ರೆ?" "ತೊಳೀತೀನಿ." "ಪಾತ್ರೆ ಒಗೆದರೆ?" ಬಿದ್ದು ಬಿದ್ದು ನಕ್ಕಳು. ಇಂಗ್ಲಿಷ್‌ನವರಿಗೆ ಎರಡಕ್ಕೂ 'ವಾಷ್' ಸಾಕು. ಹಂಗಾದ್ರೆ ಕನ್ನಡ ಕಲಿಯೋಕೆ ಬರೋರೂ ನನ್ನ ಥರಾನೇ ಒದ್ದಾಡ್ತಾರಾ ಅಂತ ಕೇಳಿದಳು. ಖಂಡಿತ ಒದ್ದಾಡುತ್ತಾರೆ ಅಂದೆ. ಆ ಮಾತು ಅವಳಿಗೆ ಕೊಟ್ಟ ಧೈರ್ಯ ಯಾವ ಗೈಡೂ ಕೊಟ್ಟಿರಲಿಲ್ಲ.

ಕಿಟೆಲ್ ನೆನಪಾದರು. ಜರ್ಮನಿಯಿಂದ ಬಂದವರು, ದೊಡ್ಡವರಾದ ಮೇಲೆ ಕನ್ನಡ ಕಲಿತವರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ತೆರೆದು ನೋಡಿ, ಅರ್ಥದ ಜೊತೆ ಎಷ್ಟೋ ಕಡೆ ಗಾದೆಗಳನ್ನೂ ಕೊಟ್ಟಿದ್ದಾರೆ. ಜನ ಆ ಪದವನ್ನು ಹೇಗೆ ಆಡುತ್ತಾರೆ ಅಂತ ಗೊತ್ತಾಗದೆ ಬರೀ ಅರ್ಥ ತಿಳಿದು ಏನು ಪ್ರಯೋಜನ?

ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಶಾಲೆಯನ್ನು ನಾನೇ ನೋಡಿದ್ದೇನೆ. ಒಂದು ಪದಕ್ಕೆ ಒಂದು ರೂಪಾಯಿ. ಅಲ್ಲಿ ಮಕ್ಕಳು ಇಂಗ್ಲಿಷ್ ಕಲಿಯಲಿಲ್ಲ, ಮಾತಾಡುವುದನ್ನೇ ಬಿಟ್ಟರು. ಹದಿನೈದು ವರ್ಷ ಮನೆಯಲ್ಲಿ, ಜಗಲಿಯಲ್ಲಿ, ಸಂತೆಯಲ್ಲಿ ಕೇಳಿ ಕೇಳಿ ಕೂಡಿಟ್ಟ ಗಂಟನ್ನು ಬಾಗಿಲ ಹೊರಗೆ ಬಿಟ್ಟು ಬಾ ಅಂದರೆ ಮಗು ಯಾವುದರ ಮೇಲೆ ನಿಂತು ಕಲಿಯಬೇಕು? ಇದು ನನಗೆ ನಿಜವಾಗಿಯೂ ಸಿಟ್ಟು ಬರಿಸುವ ವಿಷಯ.

ಈಗ ನಾವಿಬ್ಬರೂ ಬೇರೆ ನೋಟ್‌ಬುಕ್ ಮಾಡಿದ್ದೇವೆ. ದಿನಾ ರಾತ್ರಿ ಊಟ ಆದ ಮೇಲೆ ಇಪ್ಪತ್ತು ನಿಮಿಷ, ಜಾಸ್ತಿ ಇಲ್ಲ. ಮೊದಲ ಪುಟ 'ಕೈ'. ಕನ್ನಡದ್ದನ್ನು ಅವಳೇ ಹೇಳಬೇಕು, ಇಂಗ್ಲಿಷಿನದ್ದನ್ನು ಇಬ್ಬರೂ ಹುಡುಕಬೇಕು. 'ಪರಿಸ್ಥಿತಿ ಕೈ ಮೀರಿತು' ಅಂದಳು. 'ಔಟ್ ಆಫ್ ಹ್ಯಾಂಡ್' ಸಿಕ್ಕಿತು. ಅಲ್ಲೂ ಕೈಯೇ! 'ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ' ಅಂದಳು. ಅವರದು ಬಟ್ಟಲು ಮತ್ತು ತುಟಿಯ ನಡುವೆ ಜಾರುತ್ತದೆ. ನಮಗೆ ಅನ್ನದ ತುತ್ತು, ಅವರಿಗೆ ಕುಡಿಯುವ ಬಟ್ಟಲು. ಅದನ್ನು ಅವಳು ಇನ್ನು ಮರೆಯುವುದಿಲ್ಲ. 'ಎತ್ತಿದ ಕೈ'ಗೆ ಮಾತ್ರ ಒಪ್ಪುವಂಥದ್ದು ಇನ್ನೂ ಸಿಕ್ಕಿಲ್ಲ. ಕೈ ಕೊಡುವುದರ ಮುಂದೆ ಕೆಂಪು ಪೆನ್ನಿನಲ್ಲಿ 'ಹುಷಾರು, ಉಲ್ಟಾ' ಅಂತ ಬರೆದುಕೊಂಡಿದ್ದಾಳೆ.

'ಮೂಗು' ಪುಟದಲ್ಲಿ ಮೂಗು ತೂರಿಸುವುದು ಎರಡೂ ಭಾಷೆಯಲ್ಲಿ ಒಂದೇ. 'ಕಾಲು' ಪುಟದಲ್ಲಿ ಕಾಲೆಳೆಯುವುದು ಬಂತು. ಇಂಗ್ಲಿಷಿನದು ಬರೀ ತಮಾಷೆ, ನಮ್ಮದರಲ್ಲಿ ಮೇಲೆ ಹೋಗುವವನನ್ನು ಕೆಳಕ್ಕೆ ಎಳೆಯುವುದೂ ಸೇರಿದೆ ಅಂತ ಅವಳೇ ಹೇಳಿದಳು. ನನಗೆ ಹೊಳೆದಿರಲಿಲ್ಲ.

ನಿನ್ನೆ 'ಕಣ್ಣು' ಶುರು ಮಾಡಿದೆವು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು, ಕಣ್ಣು ಹಾಕುವುದು, ಕಣ್ಣು ತಪ್ಪಿಸುವುದು. ಅಷ್ಟಕ್ಕೇ ನಿದ್ದೆ ಬಂತು, ಅರ್ಧ ಪುಟ ಖಾಲಿ ಉಳಿದಿದೆ. ನಿಮ್ಮ ಕಡೆ ಕಣ್ಣಿನ ಮೇಲೆ ಏನೇನು ಮಾತಿದೆ? ಧಾರವಾಡದ ಕಡೆಯದು, ಕುಂದಾಪುರದ್ದು, ಚಾಮರಾಜನಗರದ್ದು, ಯಾವುದಾದರೂ ಸರಿ. ಕೆಳಗೆ ಬರೆಯಿರಿ, ಇವತ್ತು ರಾತ್ರಿ ಅವಳಿಗೆ ಓದಿ ಹೇಳುತ್ತೇನೆ.