22ನೇ ದಿನದ ಔಷಧಿ ಯಾವುದು?

ಇವತ್ತು ಬೆಳಿಗ್ಗೆ ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ರ ಲೈಟ್ ಕಂಬಕ್ಕೆ ಕಟ್ಟಿದ್ದ ಬೋರ್ಡ್ ನೋಡಿ ಮೈಯೆಲ್ಲ ಉರಿದುಹೋಯ್ತು. "21 ದಿನದಲ್ಲಿ ಎಲ್ಲಾ ಚಟಗಳಿಂದ ಮುಕ್ತಿ, ಗ್ಯಾರಂಟಿ." ಕೆಳಗೆ ಮೊಬೈಲ್ ನಂಬರ್. ಡಾಕ್ಟರ ಹೆಸರಿಲ್ಲ, ಔಷಧಿಯ ಹೆಸರಿಲ್ಲ. ಕುಡಿತ, ಗಾಂಜಾ, ಇಂಜೆಕ್ಷನ್, ಎಲ್ಲಕ್ಕೂ ಅದೇ 21 ದಿನ.

ಈ ವಿಷ್ಯ ಎಷ್ಟು ಸಲ ಬರೆದಿದೀನಿ ಅಂತ ನಿಮಗೆ ಗೊತ್ತು. ಮತ್ತೆ ಬರೀತೀನಿ. ಹೆರಾಯಿನ್, ಕೋಡಿನ್ ಸಿರಪ್, ಟ್ರಮಡಾಲ್ ಮಾತ್ರೆ, ಅಂದ್ರೆ ಅಫೀಮಿನ ಜಾತಿಯ ಅಮಲು ಹತ್ತಿದವರನ್ನ ಕೂಡಿಹಾಕಿ ಬಿಡಿಸಿದ್ರೆ ಮೈಕೈ ನೋವು, ಬೇಧಿ, ಚಳಿ ಹೆಚ್ಚಾಗಿ ಒಂದು ವಾರ ಹತ್ತು ದಿನದಲ್ಲಿ ಇಳಿಯುತ್ತೆ. ಮನೆಯವರು ಗೆದ್ವಿ ಅಂದ್ಕೊಳ್ತಾರೆ. ಅಷ್ಟರಲ್ಲಿ ದೇಹ ಹಳೇ ಡೋಸ್ ತಡ್ಕೊಳ್ಳೋ ಶಕ್ತಿ ಕಳ್ಕೊಂಡಿರುತ್ತೆ, ಆಸೆ ಮಾತ್ರ ಹಾಗೇ ಕೂತಿರುತ್ತೆ. ಹೊರಗೆ ಬಂದು ಹಳೇ ಅಳತೇಲೇ ತಗೊಂಡ್ರೆ ಉಸಿರೇ ನಿಲ್ಲುತ್ತೆ. ಸಾವು ಬರೋದು ಹೀಗೆ.

ಇದಕ್ಕೆ ಔಷಧಿ ಇಲ್ಲದೇ ಏನಿಲ್ಲ. ಮೆಥಡೋನ್ ಅನ್ನೋ, ಅಫೀಮಿನ ಜಾತಿಯದೇ ಆದ ಔಷಧಿ ಕೊಟ್ಟು ಜನರನ್ನ ನೆಲೆ ನಿಲ್ಲಿಸ್ಬಹುದು ಅಂತ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮರೀ ನಿಸ್ವಾಂಡರ್ ತೋರಿಸಿದ್ದು 1965ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಅದನ್ನ ಅಗತ್ಯ ಔಷಧಿಗಳ ಪಟ್ಟಿಗೆ ಈ ಚಿಕಿತ್ಸೆಗಾಗಿಯೇ 2005ರಲ್ಲಿ ಸೇರಿಸ್ತು. ಹೆರಾಯಿನ್ ನಾಲ್ಕಾರು ಗಂಟೆಗೆ ಇಳಿದು ಮತ್ತೆ ಬೇಕು ಅನ್ನುತ್ತೆ. ಮೆಥಡೋನ್ ದಿನಕ್ಕೊಂದು ಸಲ ಕುಡಿದ್ರೆ ಸಾಕು, ಏರಿಳಿತ ಇಲ್ಲ. ಮನುಷ್ಯ ಎದ್ದು ಕೆಲಸಕ್ಕೆ ಹೋಗ್ತಾನೆ. 2017ರಲ್ಲಿ ಹಲವು ದೇಶಗಳ ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ, ಮೆಥಡೋನ್ ತಗೊಳ್ತಿದ್ದ 1000 ಜನರಲ್ಲಿ ವರ್ಷಕ್ಕೆ ಸುಮಾರು 11 ಸಾವು, ಬಿಟ್ಟು ಹೊರಗಿದ್ದಾಗ ಸುಮಾರು 36. ಇನ್ನೇನು ಬೇಕು?

ಆದ್ರೆ ಸರಿಯಾಗಿ ಕೊಡಬೇಕು. ಮೊದಲ ದಿನ 20ರಿಂದ 30 ಮಿಲಿಗ್ರಾಂ, ಅದಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ಬೇಡ. ಇದು ದೇಹದಲ್ಲಿ ನಿಧಾನವಾಗಿ ಶೇಖರ ಆಗುತ್ತೆ. ಸೋಮವಾರದ ಡೋಸ್ ಕರಗೋ ಮೊದಲೇ ಮಂಗಳವಾರದ್ದು ಬಂದು ಕೂಡುತ್ತೆ. ಅದಕ್ಕೇ ಮೊದಲ ಎರಡು ವಾರವೇ ಅಪಾಯದ್ದು. ಮೂರರಿಂದ ಐದು ದಿನ ನೋಡಿ 5 ಅಥವಾ 10 ಮಿಲಿಗ್ರಾಂ ಏರಿಸಬೇಕು. ಬಹಳಷ್ಟು ಜನ ನೆಲೆ ನಿಲ್ಲೋದು 60ರಿಂದ 120ರ ನಡುವೆ. 30ರಲ್ಲೇ ನಿಲ್ಲಿಸಿ "ಕೆಲಸ ಮಾಡ್ಲಿಲ್ಲ" ಅಂದ್ರೆ ತಪ್ಪು ಔಷಧಿದಲ್ಲ. ಸತತ ಮೂರು ದಿನ ತಪ್ಪಿದ್ರೆ ಹಳೇ ಪೂರ್ತಿ ಡೋಸ್ ಕೊಡಬಾರದು, ತಗ್ಗಿಸಿ ಮತ್ತೆ ಏರಿಸಬೇಕು. ಟಿಬಿಗೆ ರಿಫಾಂಪಿಸಿನ್ ಶುರು ಮಾಡಿದ್ರೆ ಮೆಥಡೋನ್ ಬೇಗ ಕರಗಿಹೋಗಿ ಸಂಕಟ ಮರಳುತ್ತೆ. ಜೊತೆಗೆ ನಿದ್ದೆ ಮಾತ್ರೆ, ಸಾರಾಯಿ ಸೇರಿದ್ರೆ ಜೀವಕ್ಕೇ ಕುತ್ತು.

"ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದಂಗಾಯ್ತಲ್ಲ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ದೇಹ ಔಷಧಿಗೆ ಒಗ್ಗಿಕೊಳ್ಳುತ್ತೆ, ನಿಜ. ಸೂಜಿ ಹುಡುಕಿ ಮನೆ ಪಾತ್ರೆ ಮಾರೋದಕ್ಕೂ, ಬೆಳಿಗ್ಗೆ ಒಂದು ಅಳತೆ ಸಿರಪ್ ಕುಡಿದು ತೋಟಕ್ಕೆ ಹೋಗೋದಕ್ಕೂ ವ್ಯತ್ಯಾಸ ಕಾಣದವರ ಜೊತೆ ಏನು ಮಾತಾಡೋದು? ಅಡಿಕೆಗೆ ಮುಂಗಾರಿನ ಮೊದಲು ಬೋರ್ಡೋ ದ್ರಾವಣ ಹೊಡೆದು, ಕೊಳೆ ರೋಗ ಬರಲಿಲ್ಲ ಅಂತ 40–45 ದಿನಕ್ಕೆ ಎರಡನೇ ಸಲ ಹೊಡೆಯದೇ ಬಿಡ್ತೀರಾ? ಆಗಸ್ಟ್ ಮಳೇಲಿ ಉದುರಿದ ಕಾಯಿ ನೋಡಿದವರು ಯಾರೂ ಬಿಡಲ್ಲ. ಈ ಔಷಧಿನೂ ಹಾಗೇ, ಆರಾಮಾಯ್ತು ಅಂತ ನಡುವೆ ಬಿಡೋದಲ್ಲ.

ನಮ್ಮಲ್ಲಿ ಹೆಚ್ಚಾಗಿ ಕೊಡೋದು ಇದೇ ಕೆಲಸ ಮಾಡೋ ಇನ್ನೊಂದು ಔಷಧಿ, ಬ್ಯುಪ್ರೆನಾರ್ಫಿನ್. ಮಾತ್ರೆ ನಾಲಗೆ ಕೆಳಗೆ ಇಟ್ಟು ಐದಾರು ನಿಮಿಷ ಕರಗಿಸಬೇಕು. ನುಂಗಿದ್ರೆ ವ್ಯರ್ಥ. ಕರಗೋವರೆಗೆ ಉಗುಳು ನುಂಗೋದೂ ಬೇಡ, ನೀರು ಕುಡಿಯೋದೂ ಬೇಡ, ಬಾಯಿ ತೆರೆಸಿ ನೋಡೋ ನರ್ಸ್ ಬೇಕು. ಪ್ರತಿದಿನ ಇದಕ್ಕೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿ.ಮೀ. ಹೋಗಿಬರೋಕೆ ಕೂಲಿ ಮಾಡೋ ಹುಡುಗನಿಗಾಗುತ್ತಾ? ಜುಲೈ ಮಳೇಲಿ ಎರಡು ದಿನ ಬಸ್ ತಪ್ಪಿದ್ರೆ? ಚಿಕಿತ್ಸೆ ಸೋಲೋದು ಎಷ್ಟೋ ಸಲ ಇಲ್ಲೇ. ತಾಲೂಕು ಆಸ್ಪತ್ರೆಯಲ್ಲೇ ಡೋಸ್ ಸಿಗಬೇಕು ಅಂತ ಕೇಳೋದು ಬಿಟ್ಟು ನಾವು ಬೋರ್ಡ್ ನಂಬಿ ಫೋನ್ ಮಾಡ್ತೀವಿ.

ಆ ನಂಬರ್ ಬರ್ಕೊಂಡಿರೋರು ಒಂದೇ ಮಾತು ಕೇಳಿ: 22ನೇ ದಿನ ಯಾವ ಔಷಧಿ ಕೊಡ್ತೀರಿ? ಉತ್ತರ ಬರದಿದ್ರೆ ಚಟ ಬಿಡಿಸೋಕೆ ಇರೋ ಸರ್ಕಾರಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ಇಲ್ಲಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ ಕೂತ್ಕೊಳ್ಳಿ.