ಬೊಟ್ಟೆಲ್ಲಿ?

ಕೃಷ್ಣಾಷ್ಟಮಿ ಬಂತೆಂದರೆ ನಮ್ಮ ನೆಂಟರಿಷ್ಟರಲ್ಲಿ ಹೊಸದಾಗಿ ನಡೆಯಲು ಕಲಿತ ಮಕ್ಕಳೆಲ್ಲ, ಗಂಡಿರಲಿ ಹೆಣ್ಣಿರಲಿ, ಒಂದು ದಿನದ ಮಟ್ಟಿಗೆ ಕೃಷ್ಣ. ಅಕ್ಕನ ಮಗಳು ಪುಟ್ಟಿಗೆ ಈ ಸಲ ಒಂದೂವರೆ ವರ್ಷ. ಸಾಗರದ ಪೇಟೆಯಿಂದ ಕಿರೀಟ, ನವಿಲುಗರಿ, ಜರಿಯಂಚಿನ ಹಳದಿ ಕಚ್ಚೆ, ಪ್ಲಾಸ್ಟಿಕ್ ಕೊಳಲು ಎಲ್ಲ ಬಂದಿದ್ದವು. ಬೆಂಗಳೂರಿನಿಂದ ಬರುವಾಗ ಕ್ಯಾಮೆರಾ ಮರೀಬೇಡ ಎಂದು ಅಕ್ಕ ಮೂರು ಸಲ ಫೋನ್ ಮಾಡಿದ್ದಳು. ಕೃಷ್ಣನ ಸೋದರಮಾವ ಯಾರೆಂದು ಎಲ್ಲರಿಗೂ ಗೊತ್ತಿದೆ. ಅವನು ಕೆಡಿಸಿಟ್ಟ ಹೆಸರು ನನ್ನಿಂದಲಾದರೂ ಒಂದಿಷ್ಟು ಸುಧಾರಿಸಲಿ ಅಂತ 50 ಎಂಎಂ ಲೆನ್ಸನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಆಗಸ್ಟಿನಲ್ಲಿ ನಮ್ಮ ಮನೆಯೊಳಗೆ ಹಗಲು ಹನ್ನೊಂದಕ್ಕೂ ದೀಪ ಬೇಕು. ಇಳಿಜಾರು ಮಾಡು, ಕೆಳಕ್ಕಿಳಿದ ಸೂರು, ಸಣ್ಣ ಕಿಟಕಿ, ಹೊರಗೆ ಅಡಿಕೆ ತೋಟ, ಅದರ ಮೇಲೆ ಬಿಡದ ಮಳೆ. ನಡುಮನೆಯಲ್ಲಿ ಹೆಂಚುಗಳ ನಡುವೆ ಒಂದು ಗಾಜಿನ ಹೆಂಚಿದೆ. ಬೇಸಿಗೆಯಲ್ಲಿ ಅದರಿಂದಿಳಿಯುವ ಬಿಸಿಲಕೋಲು ನೆಲದ ಮೇಲೆ ಎಲ್ಲಿಗೆ ಬಂತೆಂದು ನೋಡಿ ಅಪ್ಪ ಗಂಟೆ ಹೇಳುತ್ತಾರೆ. ಮಳೆಗಾಲದಲ್ಲಿ ಅದಕ್ಕೆ ಪಾಚಿ. ಇದ್ದುದರಲ್ಲಿ ಬೆಳಕು ಅಲ್ಲಿದೆಯಲ್ಲ ಅಂತ ಮೊದಲು ಪುಟ್ಟಿಯನ್ನು ಅದರ ಕೆಳಗೇ ನಿಲ್ಲಿಸಿದೆ. ನೆತ್ತಿಯಿಂದ ಸುರಿದ ಬೆಳಕಿಗೆ ಹುಬ್ಬಿನ ಕೆಳಗೆಲ್ಲ ಕಪ್ಪು ಗುಳಿ ಬಿದ್ದು, ಬೆಣ್ಣೆಕಳ್ಳನ ಬದಲು ಮೂರು ದಿನ ಜ್ವರ ಮಲಗೆದ್ದ ಕೃಷ್ಣ ಕಾಣಿಸಿದ.

ಕಡೆಗೆ ಜಗಲಿಯ ಕಿಟಕಿಯೇ ಗತಿ. ಮಕ್ಕಳ ಮುಖಕ್ಕೆ ಕಿಟಕಿಯ ಬೆಳಕು ಒಪ್ಪುವ ಹಾಗೆ ಬೇರೆ ಯಾವುದೂ ಒಪ್ಪುವುದಿಲ್ಲ. ಮೋಡ ಕವಿದ ದಿನ ಅದು ಇನ್ನೂ ಮೆದು, ನೆರಳಿಗೆ ಅಂಚೇ ಇರುವುದಿಲ್ಲ. ಆದರೆ ಆ ಬೆಳಕು ಬಹಳ ದೂರ ಬರುವುದಿಲ್ಲ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕಿಳಿಯುತ್ತದೆ ಅನ್ನುವುದು ಹೈಸ್ಕೂಲಿನ ಪಾಠ. ಕಿಟಕಿ ಬಲ್ಬಿನ ಹಾಗೆ ಒಂದು ಚುಕ್ಕೆಯಲ್ಲ, ಹಾಗಾಗಿ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಕೂರುವುದಿಲ್ಲ. ಆದರೂ ನಾಲ್ಕು ಹೆಜ್ಜೆ ಒಳಗೆ ಬಂದರೆ ಕ್ಯಾಮೆರಾಕ್ಕೆ ಸಂಜೆಯಾಗುತ್ತದೆ. ಪುಟ್ಟಿಗೆ ಈ ಪಾಠ ಇನ್ನೂ ಆಗಿಲ್ಲ. ಕಿಟಕಿಯ ಪಕ್ಕ ಕೂರಿಸಿ, ಹಿಂದೆ ಸರಿದು, ಕಣ್ಣಿಗೆ ಕ್ಯಾಮೆರಾ ಹಿಡಿಯುವಷ್ಟರಲ್ಲಿ ಅವಳು ಕಚ್ಚೆ ಎಳೆದುಕೊಂಡು ನನ್ನ ಮೊಣಕಾಲ ಬಳಿ ಹಾಜರು. ಲೆನ್ಸಿನ ಗಾಜಿನ ಮೇಲೆ ಐದು ಬೆಣ್ಣೆ ಬೆರಳು.

“ಕತ್ತಲಲ್ಲಿ ಎಂಥ ಫೋಟೋ ತೆಗೀತೀಯ ಮಾರಾಯ” ಅನ್ನುತ್ತ ಅಮ್ಮ ಟ್ಯೂಬ್‌ಲೈಟ್ ಹಾಕಿದಳು. ನಮ್ಮದು ಹಳೇ ಚೋಕಿನ ಟ್ಯೂಬು. ಸೆಕೆಂಡಿಗೆ 50 ಸಲ ತೂಗುವ ಕರೆಂಟಿನಲ್ಲಿ ಅದು 100 ಸಲ ಮಂಕಾಗಿ 100 ಸಲ ಬೆಳಗುತ್ತದೆ. ನಮ್ಮ ಕಣ್ಣಿಗೆ ಗೊತ್ತೇ ಆಗದ ಈ ಕಣ್ಣುಮುಚ್ಚಾಲೆ 1/250 ಸೆಕೆಂಡಿನ ಶಟರಿಗೆ ಚೆನ್ನಾಗಿ ಗೊತ್ತಾಗುತ್ತದೆ: ಒಂದು ಫೋಟೋ ಬೆಳ್ಳಗೆ, ಅದರ ಬೆನ್ನಿಗೇ ತೆಗೆದದ್ದು ಮಂಕು. 1/100ಕ್ಕೆ ಇಳಿಸಿದರೆ ಟ್ಯೂಬು ಸುಮ್ಮನಾಗುತ್ತದೆ, ಪುಟ್ಟಿ ಸುಮ್ಮನಾಗುವುದಿಲ್ಲ. ಕೊಳಲು ಹಿಡಿದ ಎರಡು ಕೈ ನಾಲ್ಕಾಗುತ್ತವೆ. ಚತುರ್ಭುಜನ ವೇಷವಾಗಿದ್ದರೆ ನಡೆಯುತ್ತಿತ್ತು.

ಟ್ಯೂಬು ಬೇಡ ಅಂದದ್ದಕ್ಕೆ ಅಮ್ಮ ಹಳದಿ ಬಲ್ಬು ಹಾಕಿದಳು. ಮಳೆಗಾಲದ ಕಿಟಕಿಯದು ನೀಲಿ ಬೆಳಕು, ಬಲ್ಬಿನದು ಅರಿಶಿನ. ಬಲ್ಬಿನ ಕಡೆಯ ಕೆನ್ನೆಯ ಬಣ್ಣ ಸರಿಮಾಡಿದರೆ ಕಿಟಕಿಯ ಕಡೆಯ ಕೆನ್ನೆ ನೀಲಿ. ನೋಡು, ಹೀಗಾಗ್ತದೆ ಎಂದು ತೋರಿಸಿದೆ. “ಸರಿಯಾಗೇ ಇದೆಯಲ್ಲ. ಕೃಷ್ಣ ನೀಲಿನೇ ಅಲ್ವೇನೋ?” ಅಂದಳು. ಈ ವಾದಕ್ಕೆ ಯಾವ ಕ್ಯಾಮೆರಾ ಪುಸ್ತಕದಲ್ಲೂ ಉತ್ತರ ಇಲ್ಲ.

ಮಗು ಕೂರಬೇಕೆಂದರೆ ಅಕ್ಕ ಹಿಂದೆ ಕೂರಬೇಕು, ಅಕ್ಕ ಫೋಟೋದಲ್ಲಿ ಬರಕೂಡದು. ಹಾಗಾಗಿ ಅಕ್ಕನ ತಲೆಯ ಮೇಲೆ ಹಳೇ ಜಮಖಾನ ಹೊದಿಸಿ ಅದರ ಮುಂದೆ ಪುಟ್ಟಿಯನ್ನು ಕೂರಿಸಿದೆವು. ಈ ಉಪಾಯ ನನ್ನ ತಲೆಯಲ್ಲಿ ಹುಟ್ಟಿದ್ದೇನಲ್ಲ, ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಸ್ಟುಡಿಯೋಗಳದ್ದು. ಆಗಿನ ಗಾಜಿನ ಪ್ಲೇಟಿಗೆ ಚಿತ್ರ ಇಳಿಯಲು ಹಲವು ಸೆಕೆಂಡು ಬೇಕಾಗುತ್ತಿತ್ತು. ಅಷ್ಟು ಹೊತ್ತು ಕೂಸು ಅಲುಗಬಾರದು. ತಾಯಿಗೆ ಪರದೆಯನ್ನೋ ಮೇಜಿನ ಬಟ್ಟೆಯನ್ನೋ ಮುಸುಕುಹಾಕಿ, ಅವಳನ್ನೇ ಕುರ್ಚಿ ಮಾಡಿ, ತೊಡೆಯ ಮೇಲೆ ಕೂಸನ್ನು ಕೂರಿಸುತ್ತಿದ್ದರು. ಆ ಚಿತ್ರಗಳು ಈಗಲೂ ನೋಡಸಿಗುತ್ತವೆ. ನಗದ ಕೂಸು, ಅದರ ಹಿಂದೆ ಗುಡ್ಡದ ಹಾಗೆ ಎದ್ದ ಬಟ್ಟೆ, ಕೆಲವದರಲ್ಲಿ ಬಟ್ಟೆಯೊಳಗಿಂದ ಬಂದು ಕೂಸಿನ ಸೊಂಟ ಹಿಡಿದ ಕೈ. ನೋಡಿದರೆ ಸ್ವಲ್ಪ ಭಯವೇ ಆಗುತ್ತದೆ. ನಮ್ಮ ಜಮಖಾನದಲ್ಲಿ ಭಯಪಡುವಂಥದ್ದೇನೂ ಇರಲಿಲ್ಲ. ಧೂಳಿಗೆ ಅದು ಸೀನುತ್ತಿತ್ತು, ಅಷ್ಟೆ. ಜಮಖಾನ ಸೀನಿದಾಗಲೆಲ್ಲ ಪುಟ್ಟಿ ಕೇಕೆ ಹಾಕಿ ನಗುತ್ತಿದ್ದಳು. ಆ ದಿನದ ಒಳ್ಳೆಯ ನಗುಗಳೆಲ್ಲ ಸೀನಿನ ಕೃಪೆ.

ಇನ್ನು ಉಳಿದದ್ದು ಕಿಟಕಿಯ ಎದುರು ಪಕ್ಕದ ಕತ್ತಲು. ಅಲ್ಲೊಂದು ಬಿಳಿಯ ವಸ್ತು ಹಿಡಿದರೆ ಬೆಳಕು ಅದಕ್ಕೆ ತಾಗಿ ಮರಳಿ ಕೆನ್ನೆಗೆ ಬರುತ್ತದೆ. ಏನೂ ಹಿಡಿಯದಿದ್ದರೆ ನಮ್ಮ ಕೆಂಪು ಗಾರೆ ನೆಲ ತಾನೇ ಆ ಕೆಲಸಕ್ಕಿಳಿದು ಗದ್ದದಡಿ ಕುಂಕುಮ ಬಳಿಯುತ್ತದೆ. ಥರ್ಮೋಕೋಲ್ ಹಾಳೆಗೆ ಪೇಟೆಗೆ ಹೋಗಬೇಕು. ಕಣ್ಣೆದುರಿಗೆ ಗಳದ ಮೇಲೆ ಬೆಳ್ಳಗೆ ಒಂದು ಪಂಚೆ ಒಣಗುತ್ತಿತ್ತು. ತೆಗೆದು ಎರಡು ಕುರ್ಚಿಗಳ ಬೆನ್ನಿಗೆ ಬಿಗಿದೆ. ಬೆಳಕು ಅದೆಷ್ಟು ಚೆಂದ ಬಂತೆಂದರೆ, ಅದು ಅಪ್ಪ ಪೂಜೆಗೆಂದು ಯಾರೂ ಮುಟ್ಟದ ಹಾಗೆ ಹರವಿಟ್ಟ ಮಡಿಪಂಚೆ ಎಂದು ಅಮ್ಮ ಕಿರುಚಿದ್ದು ನನಗೆ ಎರಡನೇ ಸಲಕ್ಕೆ ಕೇಳಿಸಿತು. ಅಷ್ಟರಲ್ಲಿ ಬಚ್ಚಲಿನಿಂದ ತುಂಡು ಟವೆಲಿನಲ್ಲಿ ಬಂದ ಅಪ್ಪ ಬಾಗಿಲಲ್ಲಿ ನಿಂತು ಖಾಲಿ ಗಳವನ್ನೂ ಕುರ್ಚಿಗಳನ್ನೂ ನೋಡಿದರು. ಗಡಿಬಿಡಿಯಲ್ಲಿ ನನ್ನ ಬೆರಳು ಒತ್ತಿಹೋಗಿ ಅವರದ್ದೂ ಒಂದು ಫೋಟೋ ಬಿತ್ತು.

ಅರ್ಘ್ಯ ಕೊಟ್ಟು ಫಲಾಹಾರ ಮುಗಿಯುವಾಗ ಮಧ್ಯರಾತ್ರಿ. ಚಕ್ಕುಲಿ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಆರಿಸಲು ಕೂತೆ. 214 ಫೋಟೋ. ಬೆಳಕು ಸಾಲದೆಂದು ಲೆನ್ಸನ್ನು ಎಫ್ 1.8ಕ್ಕೆ ಪೂರಾ ತೆರೆದಿದ್ದೆ. ಹಾಗೆ ತೆರೆದರೆ ಒಂದು ಮೀಟರ್ ದೂರದಲ್ಲಿ ಮೂರು ನಾಲ್ಕು ಸೆಂಟಿಮೀಟರಿನಷ್ಟು ಮಾತ್ರ ಸ್ಪಷ್ಟವಾಗಿರುತ್ತದೆ. ಮೂಗು ಸಿಕ್ಕಿದರೆ ಕಿವಿ ಇಲ್ಲ. ಎಷ್ಟೋ ಫೋಟೋದಲ್ಲಿ ಕಿರೀಟದ ಮಣಿ ಎಣಿಸಬಹುದಿತ್ತು, ಕೃಷ್ಣ ಮಾತ್ರ ಮಂಜಿನಲ್ಲಿದ್ದ. ಉಳಿದದ್ದು ಮೂರು. ಮೂರರಲ್ಲಿ ಒಂದು ನಿಜಕ್ಕೂ ಚೆನ್ನಾಗಿತ್ತು.

ಅದನ್ನು ಹಿಗ್ಗಿಸುತ್ತ ಹೋದೆ. ಮೇಲ್ದುಟಿಯ ಮೇಲೆ ಒಣಗಿದ ಬೆಣ್ಣೆ. ಮೂಗಿನ ತುದಿಯಲ್ಲಿ ಮೆಟ್ಟಿಲಿಂದ ಮುಗ್ಗರಿಸಿದ ಗೀರು. ಹಣೆಯ ಪಕ್ಕ ಸೊಳ್ಳೆ ಕಚ್ಚಿದ ಗಂಧೆ. ಎಡಗೆನ್ನೆಯಲ್ಲಿ ಅಮ್ಮನ ಕಾಡಿಗೆಯ ದೃಷ್ಟಿಬೊಟ್ಟು. ಇನ್ನೂ ಹಿಗ್ಗಿಸಿದರೆ ಕಣ್ಣು. ಕಣ್ಣಿನ ಕಪ್ಪಿನಲ್ಲಿ ನಮ್ಮ ಜಗಲಿಯ ಕಿಟಕಿ, ಅದರ ಸರಳುಗಳು, ಸರಳಿನ ಪಕ್ಕ ಕ್ಯಾಮೆರಾ ಹಿಡಿದು ಕುಕ್ಕುರುಗಾಲಲ್ಲಿ ಕೂತ ಕರೀ ಗೊಂಬೆ ನಾನು, ನನ್ನ ಬೆನ್ನ ಹಿಂದೆ ಕೈ ಎತ್ತಿ ಗಿಲಕಿ ಆಡಿಸುತ್ತಿರುವ ಅಮ್ಮ. ಎಳ್ಳಿನಷ್ಟು ಜಾಗದಲ್ಲಿ ಇಡೀ ಮನೆ. ಅಮ್ಮನ ಫೋಟೋ ತೆಗೆಯಲು ಹೋದರೆ ಸೆರಗು ಅಡ್ಡ ಹಿಡಿದು ಒಳಗೆ ಹೋಗುತ್ತಾಳೆ; ಇಲ್ಲಿ ಸಿಕ್ಕಿಬಿದ್ದಿದ್ದಳು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಐಎಸ್‌ಒ 3200ರಲ್ಲಿ, ಅಂದರೆ ಮಂದ ಬೆಳಕಿಗೆಂದು ಕ್ಯಾಮೆರಾದ ಸೂಕ್ಷ್ಮತೆ ಬಹಳ ಏರಿಸಿ ತೆಗೆದ ಫೋಟೋ, ನೆರಳಿನಲ್ಲೆಲ್ಲ ರವೆ ಚೆಲ್ಲಿದ ಹಾಗಿತ್ತು. ಅದೊಂದನ್ನು ತೆಗೆಯೋಣ ಅಂತ ಫೋನಿಗೆ ಹಾಕಿಕೊಂಡು ಮುಖ ತಿದ್ದುವ ಆ್ಯಪ್ ತೆರೆದು ‘ಆಟೋ’ ಒತ್ತಿದೆ. ಅದು ರವೆಯ ಜೊತೆಗೆ ಗೀರು, ಗಂಧೆ, ಬೆಣ್ಣೆ ಎಲ್ಲ ಗುಡಿಸಿ ಅಂಗಡಿ ಗಾಜಿನ ಹಿಂದಿನ ಮೇಣದ ಗೊಂಬೆಯೊಂದನ್ನು ಕೊಟ್ಟಿತು. ನಾಚಿಕೆಯಾಗಿ ಅರ್ಧಕ್ಕಿಳಿಸಿದೆ. ನಿದ್ದೆಗಣ್ಣಿಗೆ ಪರವಾಗಿಲ್ಲ ಅನ್ನಿಸಿತು. ಮನೆಯವರ ವಾಟ್ಸಾಪ್ ಗ್ರೂಪಿಗೆ ಕಳಿಸಿ ಮಲಗಿದೆ.

ಬೆಳಿಗ್ಗೆ ಗ್ರೂಪಿನ ತುಂಬ ಕೆಂಪು ಹೃದಯಗಳು. ಅಮ್ಮ ನನ್ನ ಫೋನನ್ನು ಕೈಯಳತೆ ದೂರಕ್ಕೆ ಹಿಡಿದು ಬಹಳ ಹೊತ್ತು ನೋಡಿ ಕೇಳಿದಳು, “ಬೊಟ್ಟೆಲ್ಲಿ?”

ಆ್ಯಪಿಗೆ ಅದೂ ಒಂದು ಕಲೆಯಾಗಿ ಕಂಡಿತ್ತು.

“ಮಗೂಗೆ ಇತ್ತಲ್ಲಮ್ಮ, ಫೋಟೋಗೆ ಯಾಕೆ?”

“ಮಗೂನ ನೋಡೋದು ಮನೆಯವ್ರು ನಾಲ್ಕು ಜನ. ಫೋಟೋನ ಊರೆಲ್ಲ ನೋಡ್ತದೆ. ಬೊಟ್ಟು ಬೇಕಾದ್ದೇ ಫೋಟೋಗೆ” ಅಂದಳು. ಗೋಡೆಯ ಮೇಲೆ ಅವಳದೇ ಎರಡು ವರ್ಷದ ಕಪ್ಪುಬಿಳುಪು ಫೋಟೋ ಇದೆ. ಸ್ಟುಡಿಯೋದ ಎತ್ತರದ ಸ್ಟೂಲು, ಹಿಂದೆ ಬರೆದ ಕೊಳ, ಹಂಸ. ಆ ಕಾಲದ ಸ್ಟುಡಿಯೋದವರೇನೂ ತಿದ್ದದೆ ಬಿಡುತ್ತಿರಲಿಲ್ಲ. ಚೂಪು ಪೆನ್ಸಿಲ್ ಹಿಡಿದು ನೆಗೆಟಿವಿನ ಮೇಲೇ ಕೂರುತ್ತಿದ್ದರು. ನೆಗೆಟಿವಿನಲ್ಲಿ ಕಪ್ಪು ತುಂಬಿದ ಜಾಗ ಪ್ರಿಂಟಿನಲ್ಲಿ ಬೆಳ್ಳಗಾಗಿ ಸುಕ್ಕು ಕಲೆಗಳೆಲ್ಲ ಮಾಯ. ಆದರೆ ಅಮ್ಮನ ಕೆನ್ನೆಯ ಮೇಲಿನ ಬಟಾಣಿ ಗಾತ್ರದ ಬೊಟ್ಟಿನ ತಂಟೆಗೆ ಯಾವ ಪೆನ್ಸಿಲೂ ಹೋಗಿಲ್ಲ.

ಮೂಲ ಫೋಟೋ ಇತ್ತು, ಅದನ್ನೇ ಮತ್ತೆ ಕಳಿಸುವುದೂ ಆಗುತ್ತಿತ್ತು. ಹಟಕ್ಕೆ ಬಿದ್ದು ಆ್ಯಪಿನಲ್ಲೇ ಕುಂಚ ಹಿಡಿದು ಕಪ್ಪು ಚುಕ್ಕೆ ಇಟ್ಟು ತೋರಿಸಿದೆ. “ಇದು ಸೊನ್ನೆ, ಬೊಟ್ಟಲ್ಲ” ಅಂದಳು. ಬೊಟ್ಟಿಗೆ ಬೆರಳಿನ ಆಕಾರ ಇರಬೇಕಂತೆ. ಅಂಚನ್ನು ಮಸುಕು ಮಾಡಿದೆ. ಈಗ ಪೆಟ್ಟು ಬಿದ್ದು ಕಂದಿದ ಹಾಗಿದೆ ಅಂದಳು. ಮೂರನೆಯದಕ್ಕೆ ಕಾಯಲಿಲ್ಲ. ಒಳಗೆ ಹೋಗಿ ಕಾಡಿಗೆ ಡಬ್ಬಿ ತಂದು, ಉಂಗುರದ ಬೆರಳು ಅದ್ದಿ, ಫೋನಿನ ಗಾಜಿನ ಮೇಲೆ ಪುಟ್ಟಿಯ ಎಡಗೆನ್ನೆ ನೋಡಿ ಒಂದು ಒತ್ತಿದಳು. ಹರಳೆಣ್ಣೆ ಮಸಿಯ ನಿಜವಾದ ಬೊಟ್ಟು.

“ಹಾಂ, ಈಗ ಸರಿ” ಎನ್ನುವಾಗ ಅವಳ ಹೆಬ್ಬೆರಳು ತಾಗಿ ಫೋಟೋ ಪಕ್ಕಕ್ಕೆ ಸರಿಯಿತು. ಬೊಟ್ಟು ಸರಿಯಲಿಲ್ಲ. ಅದರ ಕೆಳಗೆ, ತುಂಡು ಟವೆಲಿನಲ್ಲಿ, ಪಂಚೆ ಹುಡುಕುತ್ತ ಅಪ್ಪ ಬಂದು ನಿಂತರು.